ಸ್ತನದ ಆಪರೇಷನ್ ಆದ ಮೇಲೆ ಮೈ ತೊಳೆಯುವ ಬಗೆ

ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರನ್ನು ಮೊದಲ ವಾರ ನೋವಿನಷ್ಟೇ ಕಾಡುವುದು ಮೈಯ ಜಿಗುಟು. ತೋಳು ಎತ್ತಲಾಗದು, ಕಂಕುಳು ಹಗಲೂ ರಾತ್ರಿ ಮುಚ್ಚಿಕೊಂಡೇ ಇರುತ್ತದೆ, ಎದೆಗೆ ಪಟ್ಟಿ ಬಿಗಿದಿರುತ್ತದೆ, ಪಕ್ಕದಲ್ಲಿ ಡ್ರೈನ್, ಅಂದರೆ ಗಾಯದೊಳಗಿನ ದ್ರವವನ್ನು ಹೊರಗೆಳೆಯುವ ಪೈಪು ಮತ್ತು ಅದರ ಡಬ್ಬಿ, ತೂಗುತ್ತಿರುತ್ತದೆ. ಇದರ ಮೇಲೆ "ನೀರು ತಾಗಿಸಬೇಡ, ಕೀವಾಗುತ್ತೆ" ಅನ್ನುವವರು ಮನೆಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಗಾಯಕ್ಕೆ ನೀರು ಬೇಡ ಅನ್ನುವುದು ಮೊದಲ ದಿನಗಳ ಮಟ್ಟಿಗೆ ಸರಿ. ಮೈಗೇ ನೀರು ಬೇಡ ಅನ್ನುವುದು ಪೂರ್ತಿ ತಪ್ಪು. ಹೊಲಿಗೆಯ ಕಡೆಗೆ ರೋಗಾಣು ಹೋಗುವುದು ಹೆಚ್ಚಾಗಿ ನಮ್ಮದೇ ಚರ್ಮದಿಂದ. ಬೆವರು, ಕೊಳೆ ಕೂತಷ್ಟೂ ಅವು ಹೆಚ್ಚುತ್ತವೆ. ಗಾಯವನ್ನು ಒಣಗಿರಿಸಿ ಉಳಿದ ಮೈಯನ್ನು ದಿನಾ ತೊಳೆಯಬೇಕು. ಎರಡೂ ಒಟ್ಟಿಗೆ ಆಗುವ ಕೆಲಸವೇ.

ಈ ದಾರಿಯಲ್ಲಿ ಹಾದುಬಂದವರು, ಹಾದುಹೋಗುವವರ ಮೈ ಒರೆಸಿದವರು ಸೇರಿ ಬರೆದದ್ದಿದು. ನಾವಿಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ದೊಡ್ಡ ಆಪರೇಷನ್ ಬಗ್ಗೆ. ಗಡ್ಡೆಯನ್ನಷ್ಟೇ ತೆಗೆದಿದ್ದರೆ ಇದರಲ್ಲಿ ಅರ್ಧ ಕಷ್ಟವೂ ಇರುವುದಿಲ್ಲ. ನಿಮ್ಮ ಸರ್ಜನ್ ಬೇರೆ ರೀತಿ ಹೇಳಿದ್ದರೆ ಅವರ ಮಾತನ್ನೇ ಕೇಳಿ, ಏಕೆಂದರೆ ಒಳಗೆ ಏನು ಮಾಡಿದ್ದಾರೆ, ಹೊಲಿಗೆ ಎಂಥದ್ದು ಎಂಬುದು ಅವರಿಗಷ್ಟೇ ಗೊತ್ತು.

ಕೆಲಸ ಶುರುವಾಗುವುದು ಆಪರೇಷನ್‌ನ ಹಿಂದಿನ ರಾತ್ರಿ. ಅಂದು ರಾತ್ರಿಯೋ ಮರುದಿನ ಬೆಳಿಗ್ಗೆಯೋ ತಲೆಗೂ ಮೈಗೂ ಚೆನ್ನಾಗಿ ಸ್ನಾನ ಆಗಲಿ. ದುಬಾರಿ ಔಷಧಿ ಸೋಪೇ ಆಗಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ಮಾರ್ಗಸೂಚಿ ಸಾಮಾನ್ಯ ಸೋಪನ್ನೂ ಒಪ್ಪುತ್ತದೆ. ಆಸ್ಪತ್ರೆಯವರು ಕ್ಲೋರ್‌ಹೆಕ್ಸಿಡಿನ್ ದ್ರಾವಣ ಕೊಟ್ಟರೆ ಅದನ್ನು ಕತ್ತಿನಿಂದ ಕೆಳಗೆ ಮಾತ್ರ ಹಚ್ಚಬೇಕು, ಕಣ್ಣಿಗೂ ಕಿವಿಗೂ ಹೋಗಬಾರದು. ಕಂಕುಳಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆದುಕೊಂಡು ಹೋಗುವವರಿದ್ದಾರೆ, ಡಾಕ್ಟರ ಮುಂದೆ ಸಂಕೋಚ ಆಗಬಾರದೆಂದು. ದಯವಿಟ್ಟು ಹಾಗೆ ಮಾಡಬೇಡಿ. ಬ್ಲೇಡು ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಬಿಡುತ್ತದೆ, ರೋಗಾಣು ಮನೆ ಮಾಡುವುದೇ ಅಲ್ಲಿ. ಕೂದಲು ತೆಗೆಯಲೇಬೇಕಿದ್ದರೆ ಆಸ್ಪತ್ರೆಯವರೇ ಕ್ಲಿಪ್ಪರ್‌ನಿಂದ ಕತ್ತರಿಸುತ್ತಾರೆ. ಉಗುರು ಕತ್ತರಿಸಿ, ಬಣ್ಣ ಹಚ್ಚಿದ್ದರೆ ಒರೆಸಿಬಿಡಿ, ಬೆರಳಿಗೆ ಹಾಕುವ ಕ್ಲಿಪ್ಪು ಆಮ್ಲಜನಕವನ್ನು ಸರಿಯಾಗಿ ಓದಬೇಕಲ್ಲ. ತಲೆಗೆ ಎಣ್ಣೆ ಹಾಕದೆ ಬಿಗಿಯಾಗಿ ಎರಡು ಜಡೆ ಹೆಣೆದುಕೊಂಡರೆ ಮುಂದಿನ ತಲೆಸ್ನಾನದವರೆಗೆ ಸಿಕ್ಕಾಗುವುದಿಲ್ಲ; ಹಿಂದೆ ಒಂದೇ ಜಡೆ ಇದ್ದರೆ ಅಂಗಾತ ಮಲಗಿದಾಗ ಒತ್ತುತ್ತದೆ.

ಎಚ್ಚರವಾದ ಮೇಲೆ ಕತ್ತು, ತೋಳು, ಹೊಟ್ಟೆ, ಬೆನ್ನಿನ ಪಕ್ಕ ಎಲ್ಲ ಕಂದುಬಣ್ಣಕ್ಕೆ ತಿರುಗಿರುವುದನ್ನು ನೋಡಿ ಹೆದರುವವರಿದ್ದಾರೆ. ಅದು ರಕ್ತವಲ್ಲ, ಆಪರೇಷನ್ ಟೇಬಲ್ ಮೇಲೆ ಬಳಿಯುವ ಪೊವಿಡೋನ್ ಅಯೋಡಿನ್. ಅದು ಹಾಗೇ ಒಣಗಿ ಉಳಿದರೆ ಕೆಲವರಿಗೆ ತುರಿಕೆ ಬರುತ್ತದೆ. ಪಟ್ಟಿಯ ಆಚೆ ಇರುವ ಕಲೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮರುದಿನವೇ ಒರೆಸಬಹುದು. ಪ್ಲಾಸ್ಟರ್ ಅಂಟಿದ್ದ ಕಡೆ ಉಳಿಯುವ ಕಪ್ಪು ಅಂಟಿಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹತ್ತಿಯಿಂದ ಒರೆಸಿ. ಗಾಯದಿಂದ ಒಂದು ಗೇಣು ದೂರವಿರುವ ಅಂಟಿಗೆ ಮಾತ್ರ ಇದು. ಹೊಲಿಗೆಯ ಹತ್ತಿರ ಎಣ್ಣೆ ಹೋದರೆ ಹೊಸ ಪಟ್ಟಿ ಅಂಟುವುದಿಲ್ಲ, ಸಡಿಲವಾದ ಪಟ್ಟಿಯ ಕೆಳಗೆ ನೀರೂ ಕೊಳೆಯೂ ನುಗ್ಗುತ್ತವೆ.

ಡಿಸ್ಚಾರ್ಜ್‌ಗೆ ಮುಂಚೆ ಮನೆಯಲ್ಲಿ ಕೆಲವನ್ನು ಹೊಂದಿಸಿಟ್ಟಿರಬೇಕು. ಬಚ್ಚಲಲ್ಲಿ ಅಲುಗಾಡದ ಪ್ಲಾಸ್ಟಿಕ್ ಸ್ಟೂಲು, ಕಾಲ ಕೆಳಗೆ ಜಾರದ ಮ್ಯಾಟು, ಎರಡು ಸಣ್ಣ ಟಬ್ಬು, ಅರ್ಧ ಲೀಟರಿನ ಮಗ್ಗು. ಒರೆಸಲು ದಪ್ಪ ಟರ್ಕಿ ಟವೆಲ್ ಬೇಡ. ಒದ್ದೆಯಾದರೆ ಅದು ಭಾರ, ಹಿಂಡಲು ಎರಡು ಕೈಯ ಬಲ ಬೇಕು, ಹಿಂಡುವಾಗ ಎಳೆಯುವುದು ಎದೆಯ ಸ್ನಾಯುವನ್ನೇ. ಕರಾವಳಿಯವರು ಬೈರಾಸು ಎನ್ನುವಂಥ ತೆಳುವಾದ ಹತ್ತಿ ಬಟ್ಟೆ, ಇಲ್ಲವೇ ಹಳೆಯ ಕಾಟನ್ ಸೀರೆಯನ್ನು ಹರಿದು ತೊಳೆದು ಬಿಸಿಲಿಗೆ ಒಣಗಿಸಿದ ಆರೆಂಟು ತುಂಡು ಸಾಕು. ಭಾರದ ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ: ಒಂದು ಲೀಟರ್ ನೀರೆಂದರೆ ಒಂದು ಕಿಲೋ, ತುಂಬಿದ ಬಕೆಟ್ಟು ಹದಿನೈದಿಪ್ಪತ್ತು ಕಿಲೋ. ಆಪರೇಷನ್ ಆದ ಕಡೆಯ ಕೈಯಿಂದ ಬಕೆಟ್ಟನ್ನು ನೆಲದ ಮೇಲೆ ಎಳೆಯುವುದೂ ಬೇಡ.

ಇನ್ನು ಡ್ರೈನ್. ಸ್ತನ ಮತ್ತು ಕಂಕುಳಿನ ಗ್ರಂಥಿಗಳನ್ನು ತೆಗೆದ ಜಾಗದಲ್ಲಿ ಚರ್ಮಕ್ಕೂ ಸ್ನಾಯುವಿಗೂ ನಡುವೆ ಪೊಳ್ಳು ಉಳಿಯುತ್ತದೆ. ಕತ್ತರಿಸಿದ ದುಗ್ಧರಸ (ಲಿಂಫ್) ನಾಳಗಳಿಂದ ಒಸರುವ ದ್ರವ ಅಲ್ಲಿ ನಿಂತರೆ ಚರ್ಮ ಒಳಗಿನ ಸ್ನಾಯುವಿಗೆ ಅಂಟಿಕೊಳ್ಳುವುದಿಲ್ಲ. ಅದನ್ನು ಹೊರಗೆಳೆಯಲು ಪಕ್ಕೆಯಲ್ಲಿ ಒಂದು ತೂತು ಮಾಡಿ ಒಂದೋ ಎರಡೋ ಪೈಪು ಇಟ್ಟಿರುತ್ತಾರೆ. ನಮ್ಮ ಕಡೆಯ ವಾರ್ಡುಗಳಲ್ಲಿ ಹೆಚ್ಚಾಗಿ ಕಾಣುವುದು ರೋಮೊವ್ಯಾಕ್ ಎಂದು ಕರೆಯುವ, ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಡಬ್ಬಿ. ಒತ್ತಿ ಮುಚ್ಚಿದಾಗ ಒಳಗೆ ನಿರ್ವಾತ ಉಂಟಾಗಿ ಅದು ದ್ರವವನ್ನು ಎಳೆದುಕೊಳ್ಳುತ್ತದೆ.

ಇದನ್ನು ಖಾಲಿ ಮಾಡುವುದನ್ನು ಮನೆಗೆ ಹೋಗುವ ಮುಂಚೆ ಸಿಸ್ಟರ್ ಎದುರಿಗೇ ಮಾಡಿ ತೋರಿಸಿ. ನೋಡಿದ್ದರೆ ಸಾಲದು, ಮಾಡಿರಬೇಕು. ಕೈಯನ್ನು ಸೋಪಿನಲ್ಲಿ ಇಪ್ಪತ್ತು ಸೆಕೆಂಡಾದರೂ ಉಜ್ಜಿ ತೊಳೆಯಿರಿ. ಪೈಪಿನ ಕ್ಲ್ಯಾಂಪ್ ಹಾಕಿ. ಡಬ್ಬಿಯ ಬಿರಡೆ ತೆಗೆದು, ಒಳಭಾಗಕ್ಕೆ ಬೆರಳು ತಾಗಿಸದೆ, ದ್ರವವನ್ನು ಅಳತೆಯ ಲೋಟಕ್ಕೆ ಬಗ್ಗಿಸಿ. ಬಾಯಿಯನ್ನು ಸ್ಪಿರಿಟ್ ಸ್ವಾಬ್‌ನಿಂದ ಒರೆಸಿ, ಡಬ್ಬಿಯನ್ನು ಪೂರ್ತಿ ಒತ್ತಿ, ಒತ್ತಿದ ಹಾಗೇ ಬಿರಡೆ ಮುಚ್ಚಿ, ಆಮೇಲೆ ಕ್ಲ್ಯಾಂಪ್ ಬಿಚ್ಚಿ. ಕ್ಲ್ಯಾಂಪ್ ಬಿಚ್ಚಲು ಮರೆತರೆ ಡಬ್ಬಿಯೇನೋ ಒತ್ತಿದಂತೆಯೇ ಕಾಣುತ್ತದೆ, ದ್ರವ ಮಾತ್ರ ಒಳಗೇ ನಿಲ್ಲುತ್ತದೆ. ಮನೆಯಲ್ಲಿ ಅತಿ ಹೆಚ್ಚಾಗಿ ಆಗುವ ತಪ್ಪು ಇದು. ಹೇಳಿದ ಹೊತ್ತಿಗೆ, ಸಾಮಾನ್ಯವಾಗಿ ಬೆಳಿಗ್ಗೆ ಸಂಜೆ, ಎಷ್ಟು ಮಿಲಿ, ಏನು ಬಣ್ಣ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲಿಗೆ ಕೆಂಪು, ಆಮೇಲೆ ತಿಳಿಗೆಂಪು, ಕೊನೆಗೆ ತಿಳಿಹಳದಿ, ಹೀಗೆ ಇಳಿಯಬೇಕು. ಮೊದಲೆರಡು ದಿನ ದಿನಕ್ಕೆ 100 ಮಿಲಿ ದಾಟಿದರೂ ಗಾಬರಿಯಿಲ್ಲ. 24 ಗಂಟೆಗೆ 30 ಮಿಲಿಗಿಂತ ಕಡಿಮೆ, ಅದೂ ಸತತ ಎರಡು ದಿನ ಬಂದಾಗ ಡ್ರೈನ್ ತೆಗೆಯುವುದು ಸಾಮಾನ್ಯ ವಾಡಿಕೆ. ಒಂದರಿಂದ ಮೂರು ವಾರ ಹಿಡಿಯಬಹುದು. ಹಳದಿಯಾದದ್ದು ಮತ್ತೆ ಕಡುಕೆಂಪಾದರೆ, ಮಂದವಾಗಿ ಕದಡಿದರೆ, ನಾತ ಬಂದರೆ ಅಂದೇ ಫೋನ್ ಮಾಡಬೇಕು.

ಡ್ರೈನ್ ಇದ್ದಾಗ ಪಟ್ಟಿ ಪದೇ ಪದೇ ಒದ್ದೆಯಾಗುತ್ತಿದ್ದರೆ, ಡಬ್ಬಿಯಲ್ಲಿ ಮಾತ್ರ ಏನೂ ಬೀಳುತ್ತಿಲ್ಲವಾದರೆ, ಪೈಪು ಮಡಚಿಕೊಂಡಿರಬಹುದು, ಇಲ್ಲವೇ ಅದರಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು. ಒಳಗಿನ ದ್ರವ ದಾರಿ ಸಿಗದೆ ಪೈಪಿನ ಪಕ್ಕದಿಂದ ಹೊರಬರುತ್ತಿರುತ್ತದೆ. ಪೈಪು ಮಡಚಿಕೊಂಡಿದೆಯೇ, ಮೈ ಕೆಳಗೆ ಸಿಕ್ಕಿದೆಯೇ ಎಂದು ಮೊದಲು ನೋಡಿ. ಸಿಸ್ಟರ್ ಹೇಳಿಕೊಟ್ಟಿದ್ದರೆ, ಚರ್ಮದ ಹತ್ತಿರ ಪೈಪನ್ನು ಒಂದು ಕೈಯ ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಡಬ್ಬಿಯ ಕಡೆಗೆ ನೀವುತ್ತಾ ಬನ್ನಿ. ಮೇಲಿನ ಹಿಡಿತ ಸಡಿಲಬಾರದು. ಸಡಿಲಿದರೆ ಎಳೆತ ಬೀಳುವುದು ಹೊಲಿಗೆಯ ಮೇಲೆ. ಡಬ್ಬಿ ಒತ್ತಿ ಮುಚ್ಚಿದ ಸ್ವಲ್ಪ ಹೊತ್ತಿಗೇ ದ್ರವವಿಲ್ಲದೆ ಉಬ್ಬಿಕೊಂಡರೆ ಎಲ್ಲೋ ಗಾಳಿ ಸೇರುತ್ತಿದೆ: ಬಿರಡೆ ಸಡಿಲ, ಜೋಡಣೆ ಸಡಿಲ, ಇಲ್ಲವೇ ಪೈಪಿನ ತೂತೊಂದು ಚರ್ಮದಿಂದ ಹೊರಗೆ ಬಂದಿದೆ. ಮೊದಲ ಎರಡನ್ನು ನೀವೇ ಸರಿಮಾಡಬಹುದು, ಮೂರನೆಯದಕ್ಕೆ ಆಸ್ಪತ್ರೆಗೇ ಹೋಗಬೇಕು. ಪೈಪನ್ನು ಒಳಕ್ಕೆ ತಳ್ಳುವ ಕೆಲಸ ಯಾರೂ ಮಾಡಬಾರದು.

ಡಬ್ಬಿ ಯಾವಾಗಲೂ ಗಾಯಕ್ಕಿಂತ ಕೆಳಗಿರಬೇಕು. ಹಳೆಯ ಸೀರೆಯ ಬಟ್ಟೆಯಲ್ಲಿ ಉದ್ದ ಪಟ್ಟಿಯ ಒಂದು ಸಣ್ಣ ಜೋಳಿಗೆ ಹೊಲಿಸಿ ಹೆಗಲಿಗೆ ಅಡ್ಡ ಹಾಕಿಕೊಂಡರೆ ಎರಡೂ ಕೈ ಖಾಲಿ. ಎರಡು ಜೋಳಿಗೆ ಇರಲಿ, ಒಂದು ಒಗೆದು ಒಣಗುವಾಗ ಇನ್ನೊಂದು. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗಳಿಗೆ ದೂರದ ಜಿಲ್ಲೆಗಳಿಂದ ಬರುವವರು ಡ್ರೈನ್ ಸಮೇತ ರಾತ್ರಿ ಬಸ್ಸು ಹತ್ತಬೇಕಾಗುತ್ತದೆ. ಹತ್ತುವ ಮುಂಚೆ ಖಾಲಿ ಮಾಡಿ, ಬರೆದುಕೊಂಡು, ಪೈಪನ್ನು ಅಂಗಿಯ ಒಳಗೆ ಸ್ವಲ್ಪ ಸಡಿಲ ಬಿಟ್ಟು ಪಿನ್ನಿನಿಂದ ಹಿಡಿಸಿ. ಪಿನ್ನು ಪೈಪಿಗೆ ಸುತ್ತಿದ ಪ್ಲಾಸ್ಟರ್‌ಗೆ ಚುಚ್ಚಬೇಕು, ಪೈಪಿಗಲ್ಲ. ಕಿಟಕಿ ಪಕ್ಕದ ಸೀಟು ಹಿಡಿದು, ಆಪರೇಷನ್ ಆದ ಕಡೆ ಕಿಟಕಿಗೆ ಬರುವಂತೆ ಕೂತರೆ ಓಡಾಡುವವರ ಕೈ ತಾಗುವುದಿಲ್ಲ.

ಡ್ರೈನ್ ಇರುವ ದಿನಗಳಲ್ಲಿ ಮೈ ಒರೆಸುವುದೇ ಸ್ನಾನ. ಇದನ್ನು ಅರೆಮನಸ್ಸಿನಿಂದ ಮಾಡಿದರೆ ಮೈ ಇನ್ನಷ್ಟು ಜಿಗುಟಾಗುತ್ತದೆ, ಸೋಪು ಉಳಿಯುವುದರಿಂದ. ಬೋರ್‌ವೆಲ್‌ನ ಗಡಸು ನೀರಿರುವ ಊರುಗಳಲ್ಲಂತೂ ಸೋಪು ಬಿಡುವುದೇ ಇಲ್ಲ. ಹಾಗಾಗಿ ಎರಡು ಟಬ್ಬು: ಒಂದರಲ್ಲಿ ಮೂರು ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಮೆದು ಸೋಪು, ಮಕ್ಕಳ ಬಾಡಿ ವಾಶ್ ಆದರೂ ಸರಿ, ಇನ್ನೊಂದರಲ್ಲಿ ಬರೀ ನೀರು. ಬರೀ ನೀರಿನ ಟಬ್ಬನ್ನು ಮಧ್ಯೆ ಒಮ್ಮೆಯಾದರೂ ಬದಲಿಸಿ. ಗಾಯ ತೆರೆದಿದ್ದರೆ ಅದಕ್ಕೆ ಈ ನೀರು ಬೇಡ, ಆಸ್ಪತ್ರೆಯವರು ಹೇಳಿದ ಸಲೈನ್ ಮಾತ್ರ. ಫ್ಯಾನು ಆರಿಸಿ, ಕಿಟಕಿ ಪರದೆ ಎಳೆದು, ಒಮ್ಮೆಗೆ ಮೈಯ ಒಂದು ಭಾಗವನ್ನಷ್ಟೇ ತೆರೆದರೆ ಚಳಿಯೂ ಆಗದು, ಸಂಕೋಚವೂ ಕಡಿಮೆ.

ಮುಖ, ಕಿವಿಯ ಹಿಂಭಾಗ, ಕತ್ತು ಮೊದಲು. ನೀರು ಇನ್ನೂ ತಿಳಿಯಾಗಿರುವಾಗಲೇ, ಹೊಸ ಬಟ್ಟೆಯಿಂದ, ಆಪರೇಷನ್ ಆದ ಕಡೆಯ ಪಟ್ಟಿಯ ಸುತ್ತಲಿನ ಚರ್ಮ. ಒರೆಸುವುದು ಗಾಯದ ಕಡೆಯಿಂದ ಹೊರಕ್ಕೆ, ಹೊರಗಿನಿಂದ ಗಾಯದ ಕಡೆಗಲ್ಲ. ಬಟ್ಟೆ ಒದ್ದೆಯಾಗಿರಬೇಕು, ತೊಟ್ಟಿಕ್ಕಬಾರದು. ಆಮೇಲೆ ಇನ್ನೊಂದು ತೋಳು, ಹೊಟ್ಟೆ, ಬೆನ್ನು, ಕಾಲು. ಗುಪ್ತಾಂಗ ಕೊನೆಗೆ, ಬೇರೆ ಬಟ್ಟೆಯಿಂದ, ಮುಂದಿನಿಂದ ಹಿಂದಕ್ಕೆ. ಆ ಬಟ್ಟೆ ಮತ್ತೆ ಟಬ್ಬಿಗೆ ಇಳಿಯಬಾರದು. ಒಂದೊಂದು ಭಾಗ ಒರೆಸಿದ ಕೂಡಲೇ ಒಣ ಬಟ್ಟೆಯನ್ನು ಒತ್ತಿ ಒತ್ತಿ ತೇವ ತೆಗೆಯಬೇಕು, ಉಜ್ಜಬಾರದು.

ಕಷ್ಟವಿರುವುದು ಕಂಕುಳಿನಲ್ಲಿ. ಡ್ರೈನ್ ಇರುವವರೆಗೆ ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಬೇಡಿ ಎಂದು ಬಹಳ ಕಡೆ ಹೇಳಿ ಕಳಿಸುತ್ತಾರೆ. ಎತ್ತದೆ ತೊಳೆಯುವುದು ಹೇಗೆ? ಸ್ಟೂಲಿನ ಮೇಲೆ ಕೂತು, ಸೊಂಟದಿಂದ ನಿಧಾನಕ್ಕೆ ಮುಂದೆ ಬಾಗಿ, ತೋಳನ್ನು ಅದರ ಭಾರಕ್ಕೇ ಸಡಿಲವಾಗಿ ತೂಗಲು ಬಿಡಿ. ತೋಳು ಎತ್ತದೆಯೇ ಕಂಕುಳು ತೆರೆದುಕೊಳ್ಳುತ್ತದೆ. ಬಗ್ಗಿದರೆ ತಲೆ ಸುತ್ತುವವರು ಪಕ್ಕದ ಮೇಜಿನ ಮೇಲೆ ದಿಂಬಿಟ್ಟು ಮೊಣಕೈ ಊರಿಕೊಳ್ಳಲಿ, ನಾಲ್ಕು ಬೆರಳಷ್ಟು ಸಂದು ಸಿಗುತ್ತದೆ, ಅಷ್ಟು ಸಾಕು. ಸೋಪುನೀರಿನ ಬಟ್ಟೆ ಒಮ್ಮೆ, ಬರೀ ನೀರಿನ ಬಟ್ಟೆ ಎರಡು ಸಲ, ಆಮೇಲೆ ಒಣಗಿಸುವುದು. ಒಣಗಿಸುವುದೇ ಮುಖ್ಯ: ತೋಳನ್ನು ಹಾಗೇ ದಿಂಬಿನ ಮೇಲೆ ಬಿಟ್ಟು ಹತ್ತು ನಿಮಿಷ ಫ್ಯಾನ್ ಗಾಳಿ ತಾಗಲಿ. ನಂತರ ಅಂಗೈ ಅಗಲದ ಮೆತ್ತನೆಯ ಹತ್ತಿ ಬಟ್ಟೆಯೊಂದನ್ನು ಕಂಕುಳಿನಲ್ಲಿ ಸಡಿಲವಾಗಿ ಇಟ್ಟುಕೊಳ್ಳಿ. ಬೆವರನ್ನು ಅದು ಹೀರಿಕೊಳ್ಳುತ್ತದೆ, ಚರ್ಮಕ್ಕೆ ಚರ್ಮ ಉಜ್ಜುವುದು ತಪ್ಪುತ್ತದೆ. ಒದ್ದೆಯಾದಾಗಲೆಲ್ಲ ಬದಲಿಸಿ. ಏಪ್ರಿಲ್ ಮೇ ತಿಂಗಳ ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಅಥವಾ ಮಂಗಳೂರಿನ ಸೆಕೆಯಲ್ಲಿ ಇದು ದಿನಕ್ಕೆ ನಾಲ್ಕೈದು ಸಲ ಆಗುತ್ತದೆ. ಇನ್ನೊಂದು ಸ್ತನದ ಕೆಳಗಿನ ಮಡಿಕೆಯನ್ನು ಎಲ್ಲರೂ ಮರೆಯುತ್ತಾರೆ. ಅಲ್ಲಿ ತೇವ ನಿಂತರೆ ಕೆಂಪಾಗಿ ಉರಿಯುವ ಶಿಲೀಂಧ್ರದ ಸೋಂಕು ಬರುತ್ತದೆ. ಅಲ್ಲಿಗೂ ಇಂಥದ್ದೇ ಒಣ ಬಟ್ಟೆ.

ಪೌಡರ್ ಬೇಡ. ಬೆವರಿನಲ್ಲಿ ಮುದ್ದೆಯಾಗಿ ಹೊಲಿಗೆಯ ಸಂದಿಗೆ ಇಳಿಯುತ್ತದೆ. ಅರಿಶಿನ, ಬೇವಿನೆಲೆ ಅರೆದದ್ದು, ವಿಭೂತಿ ಯಾವುದೂ ಗಾಯದ ಮೇಲೆ ಬೇಡ. ಪ್ರೀತಿಯಿಂದ ತರುವವರಿಗೆ ನೋವಾಗದಂತೆ "ಡಾಕ್ಟರು ಒಣಗಿರಬೇಕು ಅಂದಿದ್ದಾರೆ ಅತ್ತೆ" ಎಂದು ಹೇಳಿ ನಿಲ್ಲಿಸಿ. ಡೆಟಾಲ್ ಹಾಗೇ ಸುರಿದರೆ ಚರ್ಮ ಸುಡುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದರಿಂದ ಶುಚಿಯಾಯಿತು ಅನಿಸುತ್ತದೆ, ಆದರೆ ಅದು ಹೊಸದಾಗಿ ಬೆಳೆಯುವ ಅಂಗಾಂಶವನ್ನೂ ಕೊಲ್ಲುತ್ತದೆ.

ತಲೆಸ್ನಾನಕ್ಕೆ ಇನ್ನೊಬ್ಬರ ಕೈ ಬೇಕೇ ಬೇಕು. ಮಂಚದ ಅಂಚಿಗೆ ತಲೆ ಬರುವಂತೆ ಅಡ್ಡ ಮಲಗಿ, ಹೆಗಲ ಕೆಳಗೆ ದಿಂಬು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಹಾಳೆಯ ಎರಡು ಅಂಚನ್ನು ಸುರುಳಿ ಸುತ್ತಿ ಕೆಳಗಿನ ಬಕೆಟ್ಟಿಗೆ ಕಾಲುವೆಯಾಗಿ ಬಿಟ್ಟರೆ ನೀರು ಕತ್ತಿನಿಂದ ಎದೆಗೆ ಇಳಿಯದು. ಡ್ರೈನ್ ಡಬ್ಬಿಯನ್ನು ಮಂಚದ ಪಕ್ಕಕ್ಕೆ, ಮೈಮಟ್ಟಕ್ಕಿಂತ ಕೆಳಗೆ ಇಡಲು ಮರೆಯಬೇಡಿ. ಶಾಂಪೂ ಒಂದು ಚಮಚವನ್ನು ಒಂದು ಮಗ್ಗು ನೀರಿನಲ್ಲಿ ಕಲಸಿಕೊಂಡರೆ ಬೇಗ ತೊಳೆದು ಹೋಗುತ್ತದೆ. ಸೀಗೆಪುಡಿ, ಅಂಟುವಾಳ ಈ ದಿನಗಳಲ್ಲಿ ಬೇಡ. ಅವು ಒಳ್ಳೆಯವೇ, ಆದರೆ ಪುಡಿ ಕತ್ತಿನಿಂದ ಜಾರಿ ಪಟ್ಟಿಯ ಅಂಚಿಗೆ ಸೇರಿದರೆ ತೊಳೆದು ತೆಗೆಯುವುದು ಕಷ್ಟ.

ಶೌಚದ ಮಾತನ್ನು ಆಸ್ಪತ್ರೆಯಲ್ಲಿ ಯಾರೂ ಎತ್ತುವುದಿಲ್ಲ. ಎಡಗಡೆ ಆಪರೇಷನ್ ಆದವರಿಗೆ ತೊಳೆಯುವ ಕೈಯೇ ಹಿಂದಕ್ಕೆ ಹೋಗುವುದಿಲ್ಲ. ಹಿಂದಕ್ಕೆ ಎಟುಕಿಸಲು ಹೋದಾಗ ಡ್ರೈನ್ ಹೊಲಿಗೆ ಎಳೆಯುತ್ತದೆ. ಕೆಲವು ದಿನ ಬಲಗೈಯಲ್ಲೇ ತೊಳೆದು ಸೋಪು ಹಚ್ಚಿ ಎರಡು ಸಲ ಕೈ ತೊಳೆದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಹೆಲ್ತ್ ಫಾಸೆಟ್ ಇದ್ದರೆ ಅದನ್ನು ಸರಿಯಾಗಿರುವ ಕೈಯ ಕಡೆಗೆ ಹಾಕಿಸಿಕೊಳ್ಳಿ. ಕುಕ್ಕರಗಾಲಲ್ಲಿ ಕೂರುವ ಶೌಚಾಲಯವಾದರೆ ಏಳುವಾಗ ತಿಳಿಯದೆಯೇ ಗೋಡೆಗೋ ನಲ್ಲಿಗೋ ಆ ಕೈ ಊರುತ್ತದೆ, ಮೈಯ ಭಾರವೆಲ್ಲ ಎದೆಗೆ ಬೀಳುತ್ತದೆ. ನಡುವೆ ತೂತಿರುವ ಕಮೋಡ್ ಕುರ್ಚಿ ಬಾಡಿಗೆಗೂ ಸಿಗುತ್ತದೆ, ತರಿಸಿಕೊಳ್ಳಿ. ನೋವಿನ ಮಾತ್ರೆಗಳಲ್ಲಿ ಕೆಲವು ಮಲಬದ್ಧತೆ ತರುತ್ತವೆ. ನೀರು, ಸೊಪ್ಪು, ಹಣ್ಣು ಹೆಚ್ಚಿಸಿ, ಆಗದಿದ್ದರೆ ಡಾಕ್ಟರನ್ನು ಕೇಳಿ.

ಬಟ್ಟೆ ಮುಂದೆ ತೆರೆಯುವಂಥದ್ದು: ಜಿಪ್ ಇರುವ ನೈಟಿ, ಮನೆಯವರ ಹಳೆಯ ಸಡಿಲ ಶರ್ಟು, ಮುಂದೆ ಹುಕ್ಕಿರುವ ದೊಗಳೆ ರವಿಕೆ. ಹಾಕುವಾಗ ಆಪರೇಷನ್ ಆದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಲಾಡಿ ಬಿಗಿಯುವುದಕ್ಕಿಂತ ಎಲಾಸ್ಟಿಕ್ ಸುಲಭ. ಮಲೆನಾಡಿನ ಮಳೆಗಾಲದಲ್ಲಿ ಒಳಬಟ್ಟೆ, ಒರೆಸುವ ಬಟ್ಟೆ ಎರಡು ದಿನವಾದರೂ ಪೂರ್ತಿ ಆರುವುದಿಲ್ಲ. ಹಸಿಬಿಸಿ ಬಟ್ಟೆ ಗಾಯದ ಹತ್ತಿರ ಹೋಗಬಾರದು, ಬಿಸಿ ಇಸ್ತ್ರಿ ಹಾಕಿ ಒಣಗಿಸಿ. ಹಾಸಿಗೆಯ ಹೊದಿಕೆ, ದಿಂಬಿನ ಚೀಲವನ್ನು ಎರಡು ದಿನಕ್ಕೊಮ್ಮೆ ಬದಲಿಸಿದರೆ ಮೈಯಿಂದ ಬರುತ್ತಿದೆ ಎಂದುಕೊಂಡ ವಾಸನೆಯಲ್ಲಿ ಬಹುಪಾಲು ಅಲ್ಲಿಗೇ ಹೋಗುತ್ತದೆ.

ಡ್ರೈನ್ ತೆಗೆದ ತೂತು ಒಂದೆರಡು ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಸ್ವಲ್ಪ ಒಸರಬಹುದು, ಗಾಜ್ ಬಟ್ಟೆಯ (gauze) ಪಟ್ಟಿ ಸಾಕು. ಮೊದಲ ಪೂರ್ಣ ಸ್ನಾನದ ದಿನ ಹೊಲಿಗೆಯನ್ನು ಅವಲಂಬಿಸಿದೆ. ಒಳಗೇ ಕರಗುವ ಹೊಲಿಗೆ, ಮೇಲೆ ಅಂಟು ಹಾಕಿದ್ದರೆ ಬೇಗ ಒಪ್ಪಿಗೆ ಸಿಗುತ್ತದೆ. ಕ್ಲಿಪ್ಪು ಅಥವಾ ದಾರದ ಹೊಲಿಗೆಯಾದರೆ ಸಾಮಾನ್ಯವಾಗಿ 10ರಿಂದ 14ನೇ ದಿನ ಅವನ್ನು ತೆಗೆದ ಮೇಲೆ. ಆ ದಿನ ಮನೆಯವರು ಹಂಡೆ ತುಂಬ ಕಾಯಿಸಿಡುತ್ತಾರೆ, ತಲೆಗೆ ನೀರು ಹಾಕುವ ಸಂಭ್ರಮ. ನೀರು ಮಾತ್ರ ಉಗುರುಬೆಚ್ಚಗೇ ಇರಲಿ. ಕಂಕುಳಿನ ಆಪರೇಷನ್‌ನಲ್ಲಿ ಅಲ್ಲಿನ ಸ್ಪರ್ಶದ ನರ ತುಂಡಾಗಿರುವುದು, ಎಳೆದಿರುವುದು ಸಾಮಾನ್ಯ. ಹಾಗಾಗಿ ಎದೆ, ಕಂಕುಳು, ತೋಳಿನ ಒಳಮೈ ಮರಗಟ್ಟಿದಂತಿರುತ್ತದೆ. ಸುಡುವ ನೀರು ಬಿದ್ದರೂ ಅಲ್ಲಿ ಗೊತ್ತಾಗದು, ಬೊಬ್ಬೆ ಎದ್ದ ಮೇಲೆಯೇ ತಿಳಿಯುವುದು. ಬಿಸಿಯನ್ನು ಇನ್ನೊಂದು ಕೈಯಿಂದ ನೋಡಿ.

ಕೂತೇ ಸ್ನಾನ ಮಾಡಿ, ಬಾಗಿಲ ಚಿಲಕ ಹಾಕಬೇಡಿ, ಹೊರಗೆ ಒಬ್ಬರಿರಲಿ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಇದನ್ನು ಎರಡು ಸಲ ಓದಿ: ಈ ಸ್ಥಿತಿಯಲ್ಲಿ ಸ್ನಾನಕ್ಕೆ ಎಂದಿಗಿಂತ ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಮುಚ್ಚಿದ ಬಚ್ಚಲಲ್ಲಿ ಗೀಸರ್ ಉರಿಯುತ್ತಲೇ ಇದ್ದರೆ ಬಣ್ಣವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೇ ಅಪಾಯ. ಬಕೆಟ್ಟು ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆರೆದು ಗಾಳಿ ಆಡಿದ ಮೇಲೆ ಒಳಗೆ ಹೋಗಿ.

ಸೋಪನ್ನು ಅಂಗೈಯಲ್ಲಿ ನೊರೆ ಮಾಡಿ ಗಾಯದ ಮೇಲಿನಿಂದ ಇಳಿಯಲು ಬಿಡಿ. ಸ್ಕ್ರಬ್ಬರ್, ತೆಂಗಿನ ನಾರು ಬೇಡ. ಮಗ್ಗಿನಿಂದ ಹೆಗಲ ಮೇಲೆ ಸುರಿದರೆ ನೀರು ತಾನಾಗಿ ಹರಿಯುತ್ತದೆ, ಎದೆಗೆ ನೇರವಾಗಿ ಎರಚಬಾರದು. ಹಕ್ಕಳೆ ನೆನೆದು ಎದ್ದಂತಿದ್ದರೂ ಕೀಳಬೇಡಿ, ಸಣ್ಣ ಪೇಪರ್ ಪಟ್ಟಿಗಳನ್ನೂ ಅಷ್ಟೇ, ತಾವಾಗಿ ಉದುರಲಿ. ಟಬ್ಬಿನಲ್ಲಿ, ಹೊಳೆಯಲ್ಲಿ, ಕೆರೆಯಲ್ಲಿ, ಕಲ್ಯಾಣಿಯಲ್ಲಿ ಮುಳುಗುವುದು ಗಾಯ ಪೂರ್ತಿ ಮಾಯ್ದು ಡಾಕ್ಟರು ಸೈ ಅನ್ನುವವರೆಗೆ ಇಲ್ಲ. ಯುಗಾದಿಯೋ ದೀಪಾವಳಿಯೋ ನಡುವೆ ಬಂದರೆ ಎಣ್ಣೆಯನ್ನು ನೆತ್ತಿಗೆ ಒಂದು ಹನಿ ಮುಟ್ಟಿಸಿ ಶಾಸ್ತ್ರ ಮುಗಿಸಿ. ಗಾಯವನ್ನು ಮೊದಲ ಸಲ ಕನ್ನಡಿಯಲ್ಲಿ ನೋಡುವುದೂ ಹೆಚ್ಚಾಗಿ ಈ ದಿನವೇ. ನೋಡಲು ಮನಸ್ಸಿಲ್ಲದಿದ್ದರೆ ಅಂದೇ ನೋಡಬೇಕೆಂದೇನೂ ಇಲ್ಲ. ಆದರೆ ಯಾರಾದರೊಬ್ಬರು ದಿನಾ ನೋಡಲೇಬೇಕು, ಏಕೆಂದರೆ ಮರಗಟ್ಟಿದ ಜಾಗದಲ್ಲಿ ಕೆಡುಕು ನೋವಾಗಿ ಗೊತ್ತಾಗುವುದಿಲ್ಲ, ಕಣ್ಣಿಗೇ ಕಾಣಬೇಕು. ಹರಡುತ್ತಿರುವ ಕೆಂಪು, ಬಿಸಿ, ಹೊಲಿಗೆಯ ಅಂಚು ಕಪ್ಪಾಗುವುದು, ಕೀವು, ನಾತ, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಇವುಗಳಲ್ಲಿ ಒಂದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಡ್ರೈನ್ ತೆಗೆದ ಮೇಲೆ ಚರ್ಮದಡಿ ನೀರು ತುಳುಕಿದಂತಾಗಿ ಊದಿಕೊಂಡರೆ ಅದು ಸೆರೋಮಾ. ತುಂಬಾ ಜನಕ್ಕೆ ಆಗುತ್ತದೆ, ಬೇಕಿದ್ದರೆ ಸರ್ಜನ್ ಸೂಜಿಯಿಂದ ಹೀರಿ ತೆಗೆಯುತ್ತಾರೆ. ಮನೆಯಲ್ಲಿ ಒತ್ತುವುದು, ಶಾಖ ಕೊಡುವುದು ಬೇಡ.

ಮುಂದೆ ರೇಡಿಯೇಷನ್ ಇದ್ದರೆ, ಮೂರು ವಾರದಲ್ಲಿ 15 ಸಿಟ್ಟಿಂಗ್ ಅಥವಾ ಐದು ವಾರದಲ್ಲಿ 25, ಹೀಗೆ ಇರುತ್ತದೆ. ಎದೆಯ ಮೇಲೆ ಶಾಯಿಯಲ್ಲಿ ಗುರುತು ಹಾಕಿದ್ದರೆ ಅದು ಅಳಿಯಬಾರದು. ಹಾಗೆಂದು ಐದು ವಾರ ಸ್ನಾನ ಬಿಡುವವರಿದ್ದಾರೆ, ಅದು ಬೇಕಿಲ್ಲ. ಗುರುತಿನ ಮೇಲೆ ಉಜ್ಜದೆ, ಉಗುರುಬೆಚ್ಚಗಿನ ನೀರು ಹರಿಯಬಿಟ್ಟು, ಸುವಾಸನೆ ಇಲ್ಲದ ಮೆದು ಸೋಪು ಬಳಸಿ ಒತ್ತಿ ಒಣಗಿಸಿದರೆ ಆಯಿತು. ಮಸುಕಾದರೆ ನೀವೇ ಪೆನ್ನಿನಿಂದ ತಿದ್ದಬೇಡಿ, ಮರುದಿನ ಟೆಕ್ನಿಷಿಯನ್‌ಗೆ ತೋರಿಸಿ. ಡಿಯೋಡರೆಂಟನ್ನು ಗಾಯ ಮಾಯುವವರೆಗೆ ಹಚ್ಚಬಾರದು, ರೇಡಿಯೇಷನ್ ಹೊತ್ತಿನಲ್ಲಿ ಅಲ್ಲಿನವರನ್ನೇ ಕೇಳಿ. ಕಂಕುಳಿನ ಕೂದಲಿಗೆ ಬ್ಲೇಡು, ವ್ಯಾಕ್ಸ್, ಕ್ರೀಮು ಮೂರೂ ಬೇಡ. ಮರಗಟ್ಟಿದ ಚರ್ಮ ಕತ್ತರಿಸಿದ್ದೂ ಸುಟ್ಟದ್ದೂ ತಿಳಿಯದು. ಗಾಯ ಮಾಯ್ದ ಮೇಲೆ ಎಲೆಕ್ಟ್ರಿಕ್ ಟ್ರಿಮ್ಮರ್ ಬಳಸಬಹುದು.

ರವಿಕೆ ಒಳಗೆ ಮೊದಲಿಗೆ ಹತ್ತಿ ನೂಲಿನಲ್ಲಿ ಹೆಣೆದ ಹಗುರ ಸ್ತನ ಸಾಕು, ಅದನ್ನು ಒಗೆದು ನೆರಳಲ್ಲಿ ಒಣಗಿಸಬಹುದು. ಸಿಲಿಕೋನ್‌ನದ್ದು ಗಾಯ ಪೂರ್ತಿ ಮಾಯ್ದ ಮೇಲೆ. ಅದರ ಹಿಂದೆ ಬೆವರು ನಿಲ್ಲುವುದರಿಂದ ದಿನಾ ರಾತ್ರಿ ಮೆದು ಸೋಪಿನಲ್ಲಿ ತೊಳೆದು ಒರೆಸಿ ಅದರ ಪೆಟ್ಟಿಗೆಯಲ್ಲೇ ಇಡಬೇಕು. ಪಿನ್ನು, ಹುಕ್ಕು, ಉಗುರು ತಾಗಿದರೆ ತೂತಾಗುತ್ತದೆ.

ಗ್ರಂಥಿ ತೆಗೆದ ಕಡೆಯ ಕೈಯನ್ನು ಸ್ನಾನವಾದ ಮೇಲೆ ಬೆರಳ ಸಂದಿಯವರೆಗೂ ಒಣಗಿಸಿ, ಸಾದಾ ಮಾಯಿಶ್ಚರೈಸರ್ ಹಚ್ಚಿ. ಚರ್ಮ ಬಿರುಕು ಬಿಟ್ಟರೆ, ಉಗುರುಸುತ್ತಾದರೆ ಸೋಂಕು ಹೊಕ್ಕು ಕೈ ಊದುವ ಭಯವಿದೆ. ಪಾತ್ರೆ ತೊಳೆಯುವಾಗ, ಹೂಗಿಡದ ಮಣ್ಣು ಮುಟ್ಟುವಾಗ ಗ್ಲೋವ್ಸ್ ಇರಲಿ. ಆ ಕೈಯ ಬಳೆಗಳ ಕೆಳಗೆ ಸೋಪು, ತೇವ ನಿಲ್ಲುತ್ತದೆ. ಸಡಿಲವಾದ ಒಂದೆರಡು ಬಳೆ ಸಾಕು, ಸ್ನಾನದ ಹೊತ್ತಿಗೆ ಅವನ್ನೂ ತೆಗೆದಿಡಿ. ನಿನ್ನೆ ಸಲೀಸಾಗಿ ಜಾರುತ್ತಿದ್ದ ಬಳೆ ಇಂದು ಮುಂಗೈಯಲ್ಲಿ ಸಿಕ್ಕಿಕೊಂಡರೆ ಕೈ ಊದಲು ತೊಡಗಿದೆ ಎಂದು ತಿಳಿದು ಸೋಪು ಹಚ್ಚಿ ತೆಗೆಯಿರಿ, ಅದೇ ವಾರ ಆಸ್ಪತ್ರೆಯಲ್ಲಿ ತೋರಿಸಿ.